ಮುಟ್ಟಿಸಿಕೊಳ್ಳಲು ಬರುವ ತಿಮಿಂಗಿಲ

ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಕಳ್ಳಿಗಿಡಗಳ ಮರುಭೂಮಿ ನೇರವಾಗಿ ಕಡಲಿಗೆ ತಾಗುತ್ತದೆ. ಅಲ್ಲಿ ಸಾನ್ ಇಗ್ನಾಸಿಯೊ ಎಂಬ ಉಪ್ಪುನೀರಿನ ಹಿನ್ನೀರಿದೆ. ಸುತ್ತ ಮರಳು, ಗಾಳಿ, ಅಲ್ಲೊಂದು ಇಲ್ಲೊಂದು ಬೆಸ್ತರ ಮನೆ. ಚಳಿಗಾಲ ಬಂತೆಂದರೆ ದಡದಿಂದಲೇ ಬೂದು ತಿಮಿಂಗಿಲಗಳ ಉಸಿರು ಕಾರಂಜಿಯಾಗಿ ಚಿಮ್ಮುವುದು ಕಾಣುತ್ತದೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಅವು ಉತ್ತರಧ್ರುವದ ಕಡೆಯಿಂದ ಸಾವಿರಾರು ಕಿಲೋಮೀಟರ್ ಈಜಿ ಬರುತ್ತವೆ. ಆದರೆ ಈ ತವರಿನಲ್ಲಿ ಊಟವಿಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿ ತಾಯಿ ಹಾಲೂಡಿಸುತ್ತದೆ.

ಹತ್ತೊಂಬತ್ತನೇ ಶತಮಾನದ ಬೇಟೆಗಾರರು ಈ ಹೆರಿಗೆಮನೆಗಳಿಗೇ ನುಗ್ಗಿ ತಾಯಂದಿರನ್ನು ಕೊಂದರು. ಮರಿಗಾಗಿ ದೋಣಿ ಒಡೆದು ಹೋರಾಡಿದ ತಾಯಿಗೆ ಅವರಿಟ್ಟ ಹೆಸರು 'ಸೈತಾನ ಮೀನು'. ಎಂಥ ಅನ್ಯಾಯದ ಹೆಸರು! ಆ ಹೆಸರಿನ ಭಯ ಬೆಸ್ತರಲ್ಲಿ ಬಹುಕಾಲ ಉಳಿಯಿತು. ತಿಮಿಂಗಿಲ ಕಂಡರೆ ದೂರ ಸರಿಯುತ್ತಿದ್ದರು.

1972ರಲ್ಲಿ ಫ್ರಾನ್ಸಿಸ್ಕೊ ಮಯೊರಾಲ್ ಎಂಬ ಬೆಸ್ತರ ಪುಟ್ಟ ದೋಣಿಯ ಪಕ್ಕಕ್ಕೆ ತಿಮಿಂಗಿಲವೊಂದು ಬಂದು ನಿಂತಿತು. ಅಂಜುತ್ತಲೇ ಅವರು ಕೈಚಾಚಿ ಮುಟ್ಟಿದರು. ಅದು ಅಲ್ಲೇ ಇತ್ತು. ಈಗ ಅಲ್ಲಿ ಕೆಲವು ತಾಯಿ ತಿಮಿಂಗಿಲಗಳು ತಾವಾಗಿಯೇ ಮರಿಗಳನ್ನು ದೋಣಿಯ ಬಳಿಗೆ ತಳ್ಳಿ ತರುತ್ತವೆ. ಏಕೆಂದು ಹೇಳಬಲ್ಲವರಿಲ್ಲ. ಕ್ಷಮೆ ಎನ್ನಲು ಮನಸ್ಸು ಹಾತೊರೆಯುತ್ತದೆ. ನಾನು ಹಾಗೆನ್ನುವುದಿಲ್ಲ, ಅದು ನಮ್ಮ ಆಸೆ.

1993ರಲ್ಲಿ ಈ ಹಿನ್ನೀರು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮುಂದೆ ಇದರ ದಡದಲ್ಲೇ ಭಾರೀ ಉಪ್ಪಿನ ಕಾರ್ಖಾನೆ ಕಟ್ಟುವ ಯೋಜನೆ ಬಂದಾಗ ಜನ ಬಲವಾಗಿ ವಿರೋಧಿಸಿದರು. 2000ದಲ್ಲಿ ಮೆಕ್ಸಿಕೊ ಸರ್ಕಾರ ಅದನ್ನು ಕೈಬಿಟ್ಟಿತು.