ಕಿವಿಯಿಂದ ಬರೆಯುವ ಪ್ರೋಗ್ರಾಂ



ಕಣ್ಣು ಕಾಣದ ನಾನು ಕಂಪ್ಯೂಟರ್ ಪ್ರೋಗ್ರಾಂ ಹೇಗೆ ಬರೆಯುತ್ತೇನೆಂದು ಎಲ್ಲರೂ ಕೇಳುತ್ತೀರಿ. ಕಿವಿಯಿಂದ. ಎನ್‌ವಿಡಿಎ ಎಂಬ ತಂತ್ರಾಂಶ ಪರದೆಯ ಅಕ್ಷರಗಳನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಪೈಥಾನ್ ಭಾಷೆಯಲ್ಲಿ ಸಾಲಿನ ಮುಂದೆ ಬಿಟ್ಟ ಜಾಗಕ್ಕೂ ಅರ್ಥವಿದೆ. ಬೇಕೆಂದರೆ ಅದನ್ನೂ ಸ್ವರದ ಏರಿಳಿತದಿಂದ ತಿಳಿಸುತ್ತದೆ. 2006ರಲ್ಲಿ ಇದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರನ್, ಅವರೊಡನೆ ದುಡಿದ ಜೇಮ್ಸ್ ಟೆ ಇಬ್ಬರೂ ಅಂಧರೇ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಮೌಸ್ ಹಿಡಿದು ಚಿತ್ರ ಎಳೆಯುವ ಪಾಠದಲ್ಲಿ ನಮ್ಮಂಥವರು ಸುಮ್ಮನೆ ಕೂಡಬೇಕಾಗುತ್ತದೆ. ಐವತ್ತು ತುಂಬಿದ ಶಾಲೆಯಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿರಿ, ಒಂದು ಹೆಡ್‌ಫೋನ್ ಇಡಿರಿ, ಕೀಲಿಮಣೆಯಿಂದ ಕಲಿಸಿರಿ. ಪಾಲಕರೇ, ಕಣ್ಣು ಕಾಣದ ಮಗುವನ್ನು ಮನೆಯಲ್ಲಿ ಕೂಡಿಸಬೇಡಿರಿ, ಇಲ್ಲಿಗೆ ಕಳಿಸಿರಿ.