ರಜೆಯ ದಿನದ ರಿಪೇರಿ
(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮವರಿಗೆ ವಾರದ ರಜೆಯೆಂದರೆ ವಿಶ್ರಾಂತಿಯ ದಿನವಲ್ಲ, ರಿಪೇರಿಯ ದಿನ. ಖೋಲಿಯ ಸ್ವಿಚ್ಚು ಬದಲಿಸುವುದು, ಫ್ಯಾನು ತೂಗುಹಾಕುವುದು, ಗೋಡೆಗೆ ಸುಣ್ಣ ಹೊಡೆಯುವುದು ಎಲ್ಲವೂ ಆ ದಿನವೇ. ಪಗಾರದಲ್ಲಿ ನಾಲ್ಕು ಕಾಸು ಉಳಿಯಲೆಂದು ಮಾಡುವ ಈ ಕೆಲಸ ತಪ್ಪಲ್ಲ. ತನ್ನ ಮನೆಯನ್ನು ತನ್ನ ಕೈಯಿಂದ ನೆಟ್ಟಗೆ ಮಾಡಿಕೊಳ್ಳುವುದು ಅಭಿಮಾನದ ಮಾತೇ ಸರಿ. ಆದರೆ ದುಡಿಯುವ ಜಾಗದಲ್ಲಿ ಪಾಲಿಸುವ ಎಚ್ಚರಿಕೆಯನ್ನು ಸ್ವಂತ ಮನೆಯ ಹೊಸ್ತಿಲಲ್ಲಿ ಚಪ್ಪಲಿಯೊಡನೆ ಬಿಟ್ಟು ಒಳಗೆ ಹೋಗುತ್ತೇವೆ. ಅದನ್ನು ಕುರಿತು ಇಂದು ಕೆಲವು ಮಾತು ಹೇಳಬಯಸುತ್ತೇನೆ.

1982ರ ಮುಷ್ಕರದ ಅನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಅಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ನೋಡಿ: ತಿರುಗುವ ಪಟ್ಟಾಕ್ಕೆ ಕೈಹಾಕಿದವನನ್ನು ಜಾಬರನು ಸುಮ್ಮನೆ ಬಿಡುತ್ತಿದ್ದನೇ? ತಿರುಗುವ ಯಂತ್ರಭಾಗಗಳಿಗೆ ಕಾಪು ಇರತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಮನೆಯಲ್ಲಿ ಜಾಬರನಿಲ್ಲ, ಇನ್ಸ್‌ಪೆಕ್ಟರನಿಲ್ಲ. ಇನ್ನೊಂದು ಮಾತು: ಕೆಲಸದಲ್ಲಿ ಆದ ಗಾಯಕ್ಕೆ ಕಾನೂನಿನಲ್ಲಿ ಪರಿಹಾರವುಂಟು. ರಜೆಯ ದಿನ ಸ್ವಂತ ಖೋಲಿಯಲ್ಲಿ ಏಣಿಯಿಂದ ಬಿದ್ದವನಿಗೆ ಮಾಲೀಕನು ಪರಿಹಾರ ಕೊಡಬೇಕಾಗಿಲ್ಲ. ಇ.ಎಸ್.ಐ. ಇದ್ದವನಿಗೆ ಔಷಧೋಪಚಾರ ದೊರೆತೀತು. ಉದ್ಯೋಗದ ಗಾಯಕ್ಕೆಂದು ಕೊಡುವ ಅಂಗವೈಕಲ್ಯದ ಹಣ ದೊರೆಯದು. ಕೈ ಮುರಿದರೆ ಊರಿಗೆ ಹೋಗುವ ಹಣವೂ ನಿಲ್ಲುತ್ತದೆ. ಆದುದರಿಂದ ಮನೆಯ ಕೆಲಸದಲ್ಲಿ ನಮಗೆ ನಾವೇ ಜಾಬರರಾಗಬೇಕು.

ಮೊದಲು ವಿದ್ಯುತ್ತಿನ ಮಾತು. “ಫ್ಯೂಸು ಇದೆಯಲ್ಲ, ಭಯವೇನು?” ಎನ್ನುವವರು ಬಹಳ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರಿನ ಫ್ಯೂಸೆಂದರೆ 5,000 ಮಿಲಿ ಆಂಪಿಯರು. ಅದರ ನೂರರಲ್ಲೊಂದು ಪಾಲು, ಅಂದರೆ 50 ಮಿಲಿ ಆಂಪಿಯರು, ಎದೆಯ ಮೂಲಕ ಕೆಲವು ಸೆಕೆಂಡು ಹರಿದರೂ ಹೃದಯ ನಿಲ್ಲಬಹುದು. ಫ್ಯೂಸು ಸುಡುವುದೇ ಇಲ್ಲ, ಮನುಷ್ಯ ಹೋಗಿರುತ್ತಾನೆ. ಈಗ ಬಳಕೆಯಲ್ಲಿರುವ ಎಂ.ಸಿ.ಬಿ.ಯ ಕತೆಯೂ ಇದೇ. ಮನುಷ್ಯನನ್ನು ಕಾಯುವುದಕ್ಕೆ ಆರ್.ಸಿ.ಸಿ.ಬಿ. ಎಂಬ ಬೇರೊಂದು ಸಾಧನವಿದೆ. ಮನೆಗಳಿಗೆ ಹಾಕುವಂಥದು 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿದುಹಾಕುತ್ತದೆ. ಪರವಾನಗಿಯುಳ್ಳ ವಾಯರ್‌ಮನ್‌ನಿಂದ ಅದನ್ನು ಹಾಕಿಸಿಕೊಳ್ಳಿರಿ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿಯನ್ನು ಮಾತ್ರ ಎಂದೂ ಸುತ್ತಬೇಡಿ. ಆಗ ಗೋಡೆಯೊಳಗಿನ ತಂತಿಯೇ ಫ್ಯೂಸಾಗಿ ಉರಿಯುತ್ತದೆ.

ಬಲ್ಬಿನ ಹೋಲ್ಡರನ್ನು ಮುಟ್ಟುವ ಮೊದಲು ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು. ಹಳೆಯ ಚಾಳುಗಳಲ್ಲಿ ಯಾರೋ ಎಂದೋ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಕೂಡಿಸಿದ್ದರೆ, ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟು ಕಾದಿರುತ್ತದೆ. ಮೇನ್ ಸ್ವಿಚ್ಚನ್ನೇ ಆರಿಸಿ, ಫ್ಯೂಸಿನ ಹಿಡಿಯನ್ನು ಕಿತ್ತು ನಿಮ್ಮ ಜೇಬಿನಲ್ಲಿಡಿ. ಮೀಟರುಗಳೆಲ್ಲ ಒಂದೆಡೆ ಇರುವ ಚಾಳಿನಲ್ಲಿ “ಯಾಕೋ ಕರೆಂಟು ಹೋಗಿದೆ” ಎಂದು ನೆರೆಯವನು ಮೇನ್ ಹಾಕಿಬಿಟ್ಟರೆ ನಿಮ್ಮನ್ನು ಉಳಿಸುವುದು ಜೇಬಿನಲ್ಲಿರುವ ಆ ಹಿಡಿಯೇ. ಫ್ಯೂಸಿನ ಬದಲು ಎಂ.ಸಿ.ಬಿ. ಇದ್ದರೆ ಅದರ ಬಳಿ ಒಬ್ಬನನ್ನು ನಿಲ್ಲಿಸಿರಿ. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ ಇಟ್ಟು ನೋಡಬೇಕು. ಟೆಸ್ಟರೇ ಕೆಟ್ಟಿದ್ದರೆ ಅದು ಹತ್ತದು. ಹತ್ತಲಿಲ್ಲವೆಂದು ಕೈಹಾಕಿದವನ ಗತಿಯೇನು?

ಯಾರಿಗಾದರೂ ಶಾಕ್ ಹೊಡೆದರೆ ಅವನನ್ನು ಹಿಡಿದೆಳೆಯಬೇಡಿ, ನೀವೂ ಅಂಟಿಕೊಳ್ಳುತ್ತೀರಿ. ಮೇನ್ ಆರಿಸಿರಿ. ಅದು ಸಾಧ್ಯವಿಲ್ಲದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ಅವನನ್ನು ಬೇರ್ಪಡಿಸಿರಿ. ಉಸಿರು ನಿಂತಿದ್ದರೆ ಒಬ್ಬರು 112ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡು ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಾರಿಯಂತೆ, ಸಹಾಯ ಬರುವವರೆಗೆ ಬಲವಾಗಿ ಒತ್ತುತ್ತಿರಬೇಕು.

ಎರಡನೆಯದು ಏಣಿ. ಮಂಚದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಡಬ್ಬಿ, ಡಬ್ಬಿಯ ಮೇಲೆ ನಾವು! ಇದು ಸರ್ಕಸ್ಸೇ ಹೊರತು ರಿಪೇರಿಯಲ್ಲ. ಏಣಿ ಗೋಡೆಗೆ ತಾಗುವ ಎತ್ತರ 8 ಅಡಿಯಾದರೆ ಅದರ ಬುಡ ಗೋಡೆಯಿಂದ 2 ಅಡಿ ದೂರವಿರಲಿ; ಎಂದರೆ ನಾಲ್ಕಕ್ಕೆ ಒಂದು. ಕೆಳಗೆ ಒಬ್ಬರು ಹಿಡಿದಿರಲಿ.

ಮೂರನೆಯದು ಸುಣ್ಣ. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಕುದಿದು ಸಿಡಿಯುತ್ತದೆ. ನೀರಿನೊಳಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕವಿರಲಿ, ಮಕ್ಕಳು ದೂರವಿರಲಿ. ಕಣ್ಣಿಗೆ ಸಿಡಿದರೆ ಉಜ್ಜದೆ, ರೆಪ್ಪೆ ಬಿಡಿಸಿ, 20 ನಿಮಿಷವಾದರೂ ಶುದ್ಧವಾದ ನೀರು ಹರಿಸಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದು ಗ್ಯಾಸು. ಹೋಟೆಲಿನ ಬಂಧುಗಳಿಗೆ ಇದು ತಿಳಿದದ್ದೇ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಸೋರಿಕೆಯನ್ನು ನೋಡಲು ಸಾಬೂನಿನ ನೀರು ಸಾಕು, ಕಡ್ಡಿ ಗೀರಕೂಡದು. ವಾಸನೆ ಬಂದಾಗ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರು ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಿರಿ. ರೆಗ್ಯುಲೇಟರನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸ ಬೇಡವೇ ಬೇಡ.

ಬಂಧುಗಳೇ, ವಾಯರ್‌ಮನ್‌ನ ಕೂಲಿ ಹೆಚ್ಚೆನಿಸಿದರೆ ಚಾಳಿನ ನಾಲ್ಕು ಖೋಲಿಯವರು ಕೂಡಿ ಒಂದೇ ದಿನ ಕರೆಸಿರಿ, ಖರ್ಚನ್ನು ಹಂಚಿಕೊಳ್ಳಿರಿ. ಮೊಳೆ ಹೊಡೆಯುವುದು, ಹಲಗೆ ಕೂಡಿಸುವುದು, ಬಣ್ಣ ಬಳಿಯುವುದು ನಮ್ಮ ಕೆಲಸ. ಮೇನ್ ಬೋರ್ಡು ಮತ್ತು ಗ್ಯಾಸು ಅದನ್ನು ಕಲಿತವನ ಕೆಲಸ. ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಂದವನು ಇವೊಂದನ್ನೂ ಮುಟ್ಟದೆ ಮೊದಲು ಮಲಗಲಿ. ಸ್ವಿಚ್ಚು ನಾಳೆಯವರೆಗೆ ಕಾದೀತು.