ಒಡೆಯಲೆಂದೇ ಮಾಡಿದ್ದು

ಮಣ್ಣಿನ ಕಾಸಿನ ಹುಂಡಿಗಳನ್ನು ಕೂಡಿಡುವವರದ್ದು ವಿಚಿತ್ರ ಹವ್ಯಾಸ. ತುಂಬಿದ ದಿನ ಒಡೆಯಲಿ ಎಂದೇ ಕುಂಬಾರ ಮಾಡಿದ್ದನ್ನು ಇವರು ಒಡೆಯದಂತೆ ಕಾಯುತ್ತಾರೆ.

ಪೂರ್ವ ಜಾವಾದ ಟ್ರೊವುಲಾನ್‌ನಲ್ಲಿ, ಮಜಪಹಿತ್ ಸಾಮ್ರಾಜ್ಯದ ಕಾಲದ ನೆಲೆಯಲ್ಲಿ, ಸುಟ್ಟ ಮಣ್ಣಿನ ಹಂದಿ ಹುಂಡಿಗಳು ಸಿಕ್ಕಿವೆ. ಗುಂಡು ಹೊಟ್ಟೆ, ಬೆನ್ನ ಮೇಲೊಂದು ಸೀಳು. ಹೆಚ್ಚಿನವು ಚೂರುಗಳೇ, ಕಾಸು ತೆಗೆಯಲು ಬೇರೆ ದಾರಿ ಎಲ್ಲಿತ್ತು? ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ದೊಡ್ಡ ಹಂದಿಯನ್ನೂ ಚೂರು ಜೋಡಿಸಿಯೇ ನಿಲ್ಲಿಸಿದ್ದಾರೆ. ಲಂಡನ್ನಿನ ರೋಸ್ ರಂಗಮಂದಿರದ ಜಾಗವನ್ನು 1989ರಲ್ಲಿ ಅಗೆದಾಗಲೂ ಇಂಥ ಕಾಸಿನ ಕುಡಿಕೆಗಳ ಚೂರುಗಳು ಸಿಕ್ಕವು.

ನಮ್ಮ ಜಾತ್ರೆಯ ಹುಂಡಿಯ ಕೆಲಸವೂ ಸುಲಭವಲ್ಲ. ತಿಗರಿಯ ಮೇಲೆ ಮಣ್ಣನ್ನು ಎತ್ತಿ, ಬಾಯಿಯನ್ನು ಪೂರ್ತಿ ಮುಚ್ಚಬೇಕು. ಕೊಂಚ ಆರಿದ ಮೇಲೆ ಸೀಳು ಕೊಯ್ಯಬೇಕು. ಕಿಂಡಿಯೇ ಇಲ್ಲದೆ ಆವಿಗೆಗೆ ಇಟ್ಟರೆ ಒಳಗಿನ ತೇವ ಹಬೆಯಾಗಿ ಸಿಡಿದೀತು. ಇಷ್ಟು ಕೈಚಳಕಕ್ಕೂ ನಾವು ಚೌಕಾಸಿ ಮಾಡುತ್ತೇವೆ, ಅದು ಬೇರೆ ಮಾತು!

ಮುಚ್ಚಳ ತಿರುಗಿಸಿದರೆ ತೆರೆಯುವ ಪ್ಲಾಸ್ಟಿಕ್ ಡಬ್ಬಿ ನನಗೇನೋ ಹಿಡಿಸದು. ಈ ಸಲ ಜಾತ್ರೆಗೆ ಹೋದಾಗ ಎರಡು ಮಣ್ಣಿನ ಹುಂಡಿ ಕೊಳ್ಳಿ: ಒಂದನ್ನು ಮಗುವಿನ ಕೈಗೆ ಕೊಡಿ, ಒಂದನ್ನು ಕಪಾಟಿನಲ್ಲಿಡಿ.